ಒಣಗದ ಅಂಗಳ

ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ಒದ್ದೆ ಮಣ್ಣಿನ ಘಮ ಎದ್ದರೆ ಮಳೆ ಬಂತೆಂದು ಯಾರೂ ಬಟ್ಟೆ ಎತ್ತಲು ಓಡುವುದಿಲ್ಲ. ಪೂರ್ವ ಲಾಸ್ ಏಂಜಲಿಸ್‌ನಲ್ಲಿ ಬೇಸಿಗೆಯ ಮಳೆಯೆಂಬುದು ಪಾದ್ರಿಗಳ ಪ್ರಾರ್ಥನೆಯಲ್ಲಿ ಮಾತ್ರ ಸುರಿಯುವಂಥದು. ಆ ಘಮ ಬಂತೆಂದರೆ ಓಫೇಲಿಯಾ ಹಿತ್ತಲಂಗಳಕ್ಕೆ ನೀರು ಹಾಕಿದ್ದಾಳೆ, ಇವತ್ತು ಯಾವುದೋ ಹೊಸ ಬ್ಯಾಂಡಿನ ಮಕ್ಕಳು ಬಂದು ನುಡಿಸುತ್ತಾರೆ ಎಂದು ಅರ್ಥ.

ಅವಳ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಒಂದು ತಂತಿಬೇಲಿ. ಅದರ ಮೇಲೆ ನಾನು ಸೀಮೆಬದನೆ ಬಳ್ಳಿ ಹಬ್ಬಿಸಿದ್ದೇನೆ. ನೀರೆರೆಯುವವಳು ನಾನು, ಕಾಯಿ ಬಿಡುವುದು ಅವಳ ಕಡೆಗೆ. ದೇವರ ಲೆಕ್ಕ ನಮಗೆ ತಿಳಿಯುವಂಥದಲ್ಲ. ಬೆಳಗಿನ ಪೂಜೆ ಮುಗಿಸಿ ಬಂದು ನಾನು ಆ ಬಳ್ಳಿಯ ಬುಡದಲ್ಲಿ ಕೂತರೆ ಆಚೆಯ ಮಾತೆಲ್ಲ ಕೇಳುತ್ತದೆ. ಬೇಡವೆಂದರೂ ಕೇಳುತ್ತದೆ.

ನೀರು ಹಾಕುವ ಪದ್ಧತಿ ಶುರುವಾದದ್ದು ಓಫೇಲಿಯಾಳ ತಾಯಿ ದೋನ್ಯಾ ರೆಫುಹಿಯೊ ಅವರಿಂದ. ಹಿರಿಯ ಹೆಂಗಸರನ್ನು ನಾವು ದೋನ್ಯಾ ಎಂದೂ ಗಂಡಸರನ್ನು ದೋನ್ ಎಂದೂ ಗೌರವದಿಂದ ಕರೆಯುತ್ತೇವೆ. ಆಗ ಓಫೇಲಿಯಾಳ ಅಣ್ಣ ಲಿಯೊ ಮೀಸೆ ಮೂಡುತ್ತಿದ್ದ ಹುಡುಗ. ಗೆಳೆಯರನ್ನು ಕಟ್ಟಿಕೊಂಡು ಒಂದು ಪಂಕ್ ಬ್ಯಾಂಡ್ ಮಾಡಿದ್ದ. ಹೆಸರು ‘ಲೋಸ್ ನೆಸಿಯೋಸ್’, ಅಂದರೆ ಹಟಮಾರಿಗಳು. ನದಿಯಾಚೆಯ ಕ್ಲಬ್ಬುಗಳವರು ನಮ್ಮ ಕಡೆಯ ಹುಡುಗರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಕಾಲ. ಇವರು ತಾಯಿಯ ಹಿತ್ತಲಲ್ಲೇ ನುಡಿಸಿದರು. ಪಂಕ್ ಕುಣಿತವೆಂದರೆ ಕೈ ಹಿಡಿದು ಸಾಲಾಗಿ ಕುಣಿಯುವುದಲ್ಲ. ಒಬ್ಬರ ಮೇಲೊಬ್ಬರು ಬಿದ್ದು, ಸುತ್ತು ಹೊಡೆದು, ನೆಲ ಕುಟ್ಟುವುದು. ಧೂಳೆದ್ದು ದೋನ್ಯಾ ಒಣಹಾಕಿದ್ದ ಬಿಳಿ ದುಪ್ಪಟಿಗಳೆಲ್ಲ ಕಂದುಬಣ್ಣಕ್ಕೆ ತಿರುಗಿದವು. ಆಕೆ ಸೌಟು ಹಿಡಿದೇ ಹೊರಗೆ ಬಂದಾಗ, ಇಲ್ಲಿಗೆ ಮುಗಿಯಿತು ಎಂದುಕೊಂಡರು ಹುಡುಗರು. ಆಕೆ ಬೈಯಲಿಲ್ಲ. ಒಳಗೆ ಹೋಗಿ ಬಕೆಟ್ಟು ತಂದು, ಅಂಗಳಕ್ಕೆಲ್ಲ ಕೈಯಿಂದ ನೀರು ಚಿಮುಕಿಸಿ, “ಹ್ಞೂಂ, ಈಗ ಕುಣೀರಿ” ಎಂದರು.

ಬೇಡ ಎನ್ನಬಹುದಿತ್ತು, ನೀರು ಹಾಕಿದರು. ಪುಣ್ಯವೆಂಬುದು ಕೆಲವೊಮ್ಮೆ ಇಷ್ಟು ಚಿಕ್ಕದಾಗಿ ಬಂದು ಹೋಗುತ್ತದೆ.

ಹಟಮಾರಿಗಳ ಬ್ಯಾಂಡು ಹೆಚ್ಚು ಕಾಲ ಬಾಳಲಿಲ್ಲ. ಒಬ್ಬ ಸೈನ್ಯಕ್ಕೆ ಹೋದ, ಒಬ್ಬ ಮದುವೆಯಾದ, ಲಿಯೊ ವಿಮೆ ಕಂಪನಿ ಸೇರಿದ. ಉಳಿದವಳು ಓಫೇಲಿಯಾ. ಅವಳು ಒಂದು ದಿನವೂ ವಾದ್ಯ ಮುಟ್ಟಿದವಳಲ್ಲ. ಬರೀ ಕೇಳುವವಳು. ಆದರೆ ಕೇಳುವುದನ್ನು ಅವಳು ಜಪದ ಹಾಗೆ ಹಿಡಿದಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ, ಮಕ್ಕಳ ತಟ್ಟೆಗೆ ಹುರುಳಿಕಾಯಿ ಬಡಿಸುತ್ತ, ಯಾರ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದೆ ಎಂದು ನೋಡಿಟ್ಟುಕೊಳ್ಳುತ್ತಿದ್ದಳು. “ಏನೋ, ಬ್ಯಾಂಡ್ ಇದೆಯಾ? ಇಲ್ವಾ? ಮಾಡ್ಕೊ. ಮಾಡ್ಕೊಂಡು ನಮ್ಮನೆ ಹಿತ್ತಲಿಗೆ ಬಾ.” ನಿವೃತ್ತಿಯಾದ ಮೇಲೂ ಅದೇ. ಎಷ್ಟೇ ಹರಕು ಮುರುಕು ನುಡಿಸಲಿ, ಇವಳು ಎದುರಿಗೇ, ಮೊದಲ ಸಾಲಿನಲ್ಲೇ. “ಮಧ್ಯದಲ್ಲಿ ದಾರಿ ತಪ್ಪಿದ್ರು ನೋಡು ಕೊಮಾದ್ರೆ,” ಎಂದು ಬೇಲಿಗೆ ಬಾಯಿ ಹಚ್ಚಿ ನನಗೆ ಹೇಳುವಳು. ಕೊಮಾದ್ರೆ ಎಂದರೆ ನಮ್ಮಲ್ಲಿ ಮಕ್ಕಳ ಹೆಸರಿಡುವ ದಿನದಿಂದ ಬೆಸೆದ ಗೆಳತಿ. “ತಪ್ಪಿ, ಮತ್ತೆ ಒಬ್ಬರನ್ನೊಬ್ಬರು ಹುಡುಕ್ಕೊಂಡ್ರಲ್ಲ, ಅಲ್ಲಿರೋದು ಜೀವ.”

ಅವಳ ಕರಿ ಚರ್ಮದ ಅಂಗಿಯ ಬೆನ್ನಿನಲ್ಲಿ ಬ್ಯಾಂಡುಗಳ ಹೆಸರು ಬರೆದ ಬಟ್ಟೆ ತುಂಡುಗಳು. ಜಾಗ ಮುಗಿದು ಎಷ್ಟೋ ಕಾಲವಾಯಿತು. ಹೊಸದನ್ನು ಹಳೆಯದರ ಮೇಲೇ ಹೊಲಿಯುತ್ತಾಳೆ.

ಒಂದು ಬೇಸಿಗೆಯ ಸಂಜೆ ಲಿಯೊ ಬಂದ. ಬಟ್ಟೆ ಸುತ್ತಿದ ಭಾರದ ವಸ್ತುವೊಂದನ್ನು ಅಪ್ಪಿಕೊಂಡು ತಂದು ಹಿತ್ತಲ ಮೇಜಿನ ಮೇಲಿಟ್ಟು ಬಿಚ್ಚಿದ. ಕಂಚಿನ ಫಲಕ. ಉಬ್ಬಿದ ಅಕ್ಷರದಲ್ಲಿ ಹಟಮಾರಿಗಳ ಹೆಸರು.

“ಬರೋ ಭಾನುವಾರ ಎಲ್ಲರೂ ಬರ್ತಾರೆ ಓಫೆ. ಹಳೇ ಬ್ಯಾಂಡಿನೋರೆಲ್ಲ. ಟೋನ್ಯೊನೂ ಬರ್ತಿದಾನೆ, ವಾಕರ್ ಹಿಡ್ಕೊಂಡು. ಇದನ್ನ ಗೋಡೆಗೆ ಹಾಕೋಣ.”

ಓಫೇಲಿಯಾ ಕನ್ನಡಕ ಏರಿಸಿ ಓದಿದಳು. “‘ಇಲ್ಲಿ ನುಡಿಸಿದವರು.’ ಚೆನ್ನಾಗಿದೆ. ಮೊನ್ನೆ ಶನಿವಾರ ನುಡಿಸಿದವರ ಹೆಸರೆಲ್ಲಿ?”

“ಅವರ‍್ಯಾರು?”

“ಕಾಲ್ದೊ ಫ್ರೀಯೊ.”

“ತಣ್ಣಗಿನ ಸಾರು ಅಂತ ಯಾರಾದ್ರೂ ಬ್ಯಾಂಡಿಗೆ ಹೆಸರಿಡ್ತಾರೇನೆ?”

“ನಿಂದೇನು ಸಂತರ ಹೆಸರಿತ್ತಾ?”

ನಾನು ಬಳ್ಳಿಯ ಹಿಂದೆ ನಗು ನುಂಗಿಕೊಂಡೆ. ಲಿಯೊ ನಗಲಿಲ್ಲ. ಅಂಗಳವನ್ನು ಕಣ್ಣಿನಲ್ಲೇ ಅಳೆದ. “ಇದಕ್ಕೆಲ್ಲ ಕಾಂಕ್ರೀಟ್ ಹಾಕಿಸ್ತೀನಿ. ಗಾರೆ ಕೆಲಸದ ದೋನ್ ಫೆರ್ಮಿನ್‌ಗೆ ಹೇಳಿದೀನಿ, ಮಂಗಳವಾರ ಬರ್ತಾನೆ. ಮೇಲೆ ಕುರ್ಚಿ ಹಾಕೋಣ. ಇನ್ಮೇಲೆ ಈ ಗದ್ದಲ ಬೇಡ. ವರ್ಷಕ್ಕೊಂದ್ಸಲ ನಾವೆಲ್ಲ ಸೇರಿ ಹಳೇದನ್ನ ನೆನೆಯೋದು, ಅಷ್ಟೆ. ಜಾಗಕ್ಕೆ ಒಂದು ಮರ್ಯಾದೆ ಬೇಕು.”

“ಮಣ್ಣಲ್ಲಿ ಬಿದ್ದ ಮಕ್ಕಳು ಎದ್ದು ಕುಣೀತಾರೆ. ಕಾಂಕ್ರೀಟಲ್ಲಿ ಬಿದ್ದರೆ ಎತ್ಕೊಂಡು ಆಸ್ಪತ್ರೆಗೆ ಹೋಗಬೇಕು.”

“ಅದಕ್ಕೇ ಹೇಳ್ತಿರೋದು, ಕುಣಿತ ಬೇಡ. ಅಮ್ಮ ಮನೆ ಇಬ್ಬರ ಹೆಸರಿಗೂ ಬರೆದಿದಾಳೆ. ಅರ್ಧ ಅಂಗಳ ನಂದು.”

“ಸರಿ, ನಿನ್ನ ಅರ್ಧಕ್ಕೆ ಹಾಕಿಸ್ಕೊ. ಯಾವ ಅರ್ಧ ಅಂತ ಅಮ್ಮನ ಸಮಾಧಿ ಹತ್ರ ಹೋಗಿ ಕೇಳ್ಕೊಂಡು ಬಾ.”

ಅವನು ಹೊರಡುವಾಗ ಕುರ್ಚಿಗೆ ನೇತುಹಾಕಿದ್ದ ಅವಳ ಚರ್ಮದ ಅಂಗಿ ಕಣ್ಣಿಗೆ ಬಿತ್ತು. ಬೆನ್ನ ನಡುವೆ ‘ಕಾಲ್ದೊ ಫ್ರೀಯೊ’ ಎಂಬ ಹೊಸ ತುಂಡು, ಅದರ ಕೆಳಗಿಂದ ಇಣುಕುತ್ತಿದ್ದ ಕೆಂಪು ಮೂಲೆ. “ಇದು ನಮ್ಮದು,” ಎಂದ ಮೆಲ್ಲಗೆ. “ನಮ್ಮದರ ಮೇಲೇ ಹೊಲಿದಿದೀಯಾ.”

“ಅಡೀಲಿ ಗಟ್ಟಿ ಬಟ್ಟೆ ಇದ್ರೆ ಹೊಲಿಗೆ ನಿಲ್ಲತ್ತೆ ಲಿಯೊ.”

ಅವನು ಫಲಕವನ್ನು ಮತ್ತೆ ಸುತ್ತಿ ತನ್ನ ಟ್ರಕ್ಕಿಗೆ ಹಾಕಿಕೊಂಡು ಹೋದ. ಅವನ ಮುಖ ನೋಡಿದರೆ ಪಾಪವೆನಿಸುತ್ತಿತ್ತು. ಮನುಷ್ಯನಿಗೆ ವಯಸ್ಸಾದ ಮೇಲೆ ತಾನು ಒಂದು ಕಾಲದಲ್ಲಿ ಗಟ್ಟಿಯಾಗಿ ಕೂಗಿದ್ದೆ ಎಂಬುದಕ್ಕೆ ಒಂದು ಸಾಕ್ಷಿ ಬೇಕಾಗುತ್ತದೆ.

ಓಫೇಲಿಯಾ ಆ ರಾತ್ರಿ ಅಳಲಿಲ್ಲ, ವಕೀಲರನ್ನು ಹುಡುಕಲಿಲ್ಲ. ಬೆಳಿಗ್ಗೆ ಬೇಲಿಯ ಹತ್ತಿರ ಬಂದಳು.

“ಕೊಮಾದ್ರೆ, ಬಟ್ಟೆ ಒಗೆದ ನೀರನ್ನ ಏನ್ ಮಾಡ್ತೀಯ?”

“ಚರಂಡಿಗೆ ಬಿಡ್ತೀನಿ. ಇನ್ನೇನು, ಕುಡೀತೀನಾ?”

“ನಂಗೆ ಕೊಡು.”

ಆ ವರ್ಷ ಬರ. ಪೈಪು ಹಿಡಿದು ಅಂಗಳಕ್ಕೆ ನೀರು ಬಿಡಲು ವಾರದಲ್ಲಿ ಎರಡೇ ದಿನ ಅಪ್ಪಣೆ. ಆದರೆ ಬಟ್ಟೆ ಜಾಲಿಸಿದ ನೀರಿಗೆ, ಅಕ್ಕಿ ತೊಳೆದ ನೀರಿಗೆ ಯಾರ ಅಪ್ಪಣೆ? ನಾನು ಕೊಟ್ಟೆ. ಎದುರುಮನೆಯವರು ಕೊಟ್ಟರು. ಮೂಲೆಯ ಲಾಂಡ್ರಿಯವನು ಡ್ರಮ್ಮುಗಟ್ಟಲೆ ಕೊಟ್ಟ. ಮಂಗಳವಾರ ದೋನ್ ಫೆರ್ಮಿನ್ ಬರುವ ಹೊತ್ತಿಗೆ ಅಂಗಳ ಹದವಾಗಿ ನೆನೆದು, ಲ್ಯಾವೆಂಡರ್ ಸೋಪಿನ ಪರಿಮಳ ಬೀರುತ್ತಿತ್ತು. ಅವನು ಹಿಮ್ಮಡಿ ಒತ್ತಿ ನೋಡಿದ. ಹಿಮ್ಮಡಿ ಇಳಿಯಿತು.

“ಏನಮ್ಮಾ ಇದು. ಈ ಕೆಸರಿನ ಮೇಲೆ ಹಾಕಿದ್ರೆ ಹಪ್ಪಳದ ಥರ ಬಿರುಕು ಬಿಡುತ್ತೆ. ಒಣಗಲಿ, ಗುರುವಾರ ಬರ್ತೀನಿ.”

“ಇವತ್ತು ಸಂಜೆ ಸಂಗೀತ ಇದೆ ದೋನ್ ಫೆರ್ಮಿನ್. ಧೂಳು ಏಳಬಾರದಲ್ಲ, ಅದಕ್ಕೆ ನೀರು ಹಾಕಿದೀನಿ. ನಮ್ಮಮ್ಮನ ಕಾಲದಿಂದ ಬಂದಿದ್ದು.”

ಅವಳು ಸುಳ್ಳು ಹೇಳಲಿಲ್ಲ. ಸಂಗೀತವಿತ್ತು. ಇಡೀ ವಾರ ಇತ್ತು. ಅಂಗಳ ಒಣಗಬಾರದೆಂದರೆ ದಿನವೂ ನೀರು ಬೀಳಬೇಕು. ದಿನವೂ ನೀರು ಬೀಳಬೇಕೆಂದರೆ ದಿನವೂ ಒಂದು ಬ್ಯಾಂಡ್ ನುಡಿಸಬೇಕು. ಬೇರೆಯವರಾಗಿದ್ದರೆ ಎರಡನೆಯ ದಿನಕ್ಕೇ ಸೋಲುತ್ತಿದ್ದರು. ಇವಳು ಫೋನ್ ಹಿಡಿದು ಕೂತಳು. ಶಾಲೆಯಲ್ಲಿ ತಾನು ಬಡಿಸಿದ ಮಕ್ಕಳೆಲ್ಲ ಅವಳಿಗೆ ನೆನಪಿದ್ದರು. ಅವರಿಗೆಲ್ಲ ಅವಳು ತೀಯಾ, ಅಂದರೆ ಅತ್ತೆ. “ತೀಯಾ, ನಮಗಿನ್ನೂ ಎರಡೇ ಹಾಡು ಬರೋದು,” ಎಂದರೆ, “ಎರಡನ್ನೇ ಎರಡು ಸಲ ಹಾಡಿ,” ಎನ್ನುವಳು. ಅಜ್ಜನ ಅಕಾರ್ಡಿಯನ್ನಿಗೆ ಕರ್ಕಶ ಗಿಟಾರ್ ಬೆರೆಸಿದ ಅಣ್ಣತಮ್ಮಂದಿರು ಬಂದರು. ನಾಚಿಕೆಯಿಂದ ಜನಕ್ಕೆ ಬೆನ್ನು ಹಾಕಿ ನಿಂಬೆಗಿಡಕ್ಕೆ ಹಾಡಿದ ಹುಡುಗ ಬಂದ. ಎಲ್ಲರೂ ನಿಂಬೆಗಿಡದ ಆಚೆ ಹೋಗಿ ನಿಂತು ಕೇಳಿದರು. ಪೊಲೀಸರ ಹೆಲಿಕಾಪ್ಟರು ಮೇಲೆ ಸುತ್ತು ಹಾಕಿದಾಗ ಮಕ್ಕಳು ತಲೆಯೆತ್ತಿ, “ತೀಯಾ, ಅತಿಥಿಗಳು ಬಂದ್ರು, ಕಾಫಿ ಇಡಿ” ಎಂದರು. ನಾನು ಜಪಸರ ಹಿಡಿದು ಕೂತಿದ್ದೆ. ಡ್ರಮ್ಮಿನ ಹೊಡೆತಕ್ಕೆ ಮಣಿಗಳು ತಾವಾಗಿ ಮುಂದೆ ಸರಿಯುತ್ತಿದ್ದವು. ದೇವರಿಗೆ ಅದರಿಂದ ತೊಂದರೆಯಾದ ಹಾಗೆ ಕಾಣಲಿಲ್ಲ.

ಗುರುವಾರ ಫೆರ್ಮಿನ್ ಬಂದ, ಹಿಮ್ಮಡಿ ಒತ್ತಿದ, ಹೋದ. ಶನಿವಾರ ಬಂದವನು ಹಿಮ್ಮಡಿ ಒತ್ತಲೂ ಇಲ್ಲ. ಅಲ್ಲೇ ಇದ್ದ ಜೋಳದ ಹಿಟ್ಟಿನ ತಮಾಲೆ ಎರಡು ತಿಂದು ಲಿಯೊಗೆ ಫೋನ್ ಮಾಡಿದ. “ನಿಮ್ಮ ತಂಗಿ ಇರೋವರೆಗೂ ಈ ನೆಲ ಒಣಗಲ್ಲ ಸಾರ್. ನನ್ನನ್ನ ಬಿಟ್ಬಿಡಿ.”

ಆ ಸಂಜೆ ಲಿಯೊ ಬಾಗಿಲಲ್ಲೇ ನಿಂತು ಕೂಗಾಡಿದ. “ನಾಳೆ ಅವರೆಲ್ಲ ಬಂದು ಕೆಸರಲ್ಲಿ ನಿಲ್ಲಬೇಕಾ? ನನ್ನ ಮಾನ ತೆಗೀತೀಯಾ?”

“ನೀನು ಹಾಡಿದ್ದೂ ಇದೇ ಕೆಸರಲ್ಲಿ. ಆಗ ಮಾನ ಎಲ್ಲಿತ್ತು, ಕಾಂಕ್ರೀಟ್ ಮೇಲಾ?”

“ನಮ್ಮನ್ನ ಯಾರೂ ನೆನೆಸ್ಕೊಳ್ಳಬಾರದು ಅಂತಾನಾ ನಿಂದು?”

ಓಫೇಲಿಯಾ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟಳು. “ನೆಲ ಒರೆಸುವಾಗ ಇವತ್ತಿಗೂ ನಿನ್ನ ಕ್ಯಾಸೆಟ್ಟೇ ಹಾಕ್ಕೊಳ್ಳೋದು ನಾನು,” ಎಂದಳು. “ಆದ್ರೆ ಬಾಗಿಲು ಮುಚ್ಚಿ ನೆನೆಸ್ಕೋ ಅಂದ್ರೆ ನೆನೆಸ್ಕೊಳ್ಳಲ್ಲ. ನಾಳೆ ಮೊದಲು ಕಾಲ್ದೊ ಫ್ರೀಯೊ ನುಡಿಸ್ತಾರೆ. ಆಮೇಲೆ ನಿಮ್ಮ ಭಾಷಣ.”

ಭಾನುವಾರ ಪೂಜೆ ಮುಗಿಸಿಕೊಂಡು ನಾನು ಬೇಲಿ ಬಿಟ್ಟು ಬಾಗಿಲಿನಿಂದಲೇ ಹೋದೆ. ನರೆತ ತಲೆಯ ಹಟಮಾರಿಗಳು ಒಬ್ಬೊಬ್ಬರಾಗಿ ಬಂದರು. ಮನೆಯ ಹಲಗೆಗಳನ್ನೆಲ್ಲ ಸಾಲಾಗಿ ಹಾಸಿ ಟೋನ್ಯೊನ ವಾಕರಿಗೆ ದಾರಿ ಮಾಡಿದ್ದರು. ಲಿಯೊ ಹೊಳೆಯುವ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೇ ನಿಂತಿದ್ದ, ಕೆಳಗಿಳಿಯಲಿಲ್ಲ. ಟೋನ್ಯೊ ಹಲಗೆಯ ಕೊನೆಗೆ ಬಂದು ನಿಂತು ಮೂಗರಳಿಸಿದ.

“ಓಹೋ. ದೋನ್ಯಾ ರೆಫುಹಿಯೊ ನೀರು ಹಾಕಿದಾರೆ.”

ಆಕೆ ತೀರಿಕೊಂಡು ಎಷ್ಟು ಕಾಲವಾಗಿದೆಯೆಂದು ಅವನಿಗೆ ಯಾರೂ ನೆನಪಿಸಲಿಲ್ಲ. ಲಿಯೊ ಮುಖವನ್ನು ಆಚೆ ತಿರುಗಿಸಿಕೊಂಡ.

ಕಾಲ್ದೊ ಫ್ರೀಯೊ ಎಂದರೆ ಮೂವರು ಹುಡುಗಿಯರು. ಡ್ರಮ್ ಬಾರಿಸುವವಳು ಇಟ್ಸೆಲ್, ಕಡ್ಡಿಯಂಥ ಹುಡುಗಿ, ಗುಡುಗಿನಂಥ ಕೈ. ಮೊದಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ವಾರವಿಡೀ ನೆನೆದ ನೆಲದಲ್ಲಿ ದೊಡ್ಡ ಡ್ರಮ್ಮಿನ ಕಾಲು ಹೂತು, ಡ್ರಮ್ಮು ಮುಗ್ಗರಿಸಿತು. ಹಾಡು ನಿಂತಿತು.

“ತೀಯಾ, ಮುಳುಗ್ತಾ ಇದೆ,” ಎಂದಳು ಇಟ್ಸೆಲ್. “ಅಡಿಗೆ ಹಾಕಕ್ಕೆ ಏನಾದ್ರೂ ಕೊಡಿ. ಚಪ್ಪಟೆ ಇರಬೇಕು, ಭಾರ ಇರಬೇಕು.”

ಓಫೇಲಿಯಾ ಸುತ್ತ ನೋಡಿದಳು. ಹಲಗೆಗಳೆಲ್ಲ ಟೋನ್ಯೊನ ಕಾಲಡಿಯಲ್ಲಿದ್ದವು. ಅವಳ ಮುಖದಲ್ಲಿ ಆ ವಾರ ಮೊದಲ ಸಲ ಅಳುಕು ಕಂಡಿತು. ಅವಳೇ ಹಾಕಿದ ನೀರು. ಅವಳ ಮಕ್ಕಳ ಹಾಡನ್ನೇ ನುಂಗುತ್ತಿತ್ತು.

“ನಿಲ್ಸಿಬಿಡಿ ಇನ್ನು,” ಎಂದ ಹಿಂದಿನಿಂದ ಹಳಬನೊಬ್ಬ.

“ಯಾರದು ನಿಲ್ಸಿ ಅಂದಿದ್ದು?” ಲಿಯೊನ ದನಿ. ಹಾಡಿಗೆ ಏಳುವ ಆ ದನಿಯನ್ನು ಅವನಿಂದ ನಾನು ಕ್ಯಾಸೆಟ್ಟಿನಲ್ಲಿ ಮಾತ್ರ ಕೇಳಿದ್ದೆ. ಅವನು ಮೆಟ್ಟಿಲಿಳಿದು ಟ್ರಕ್ಕಿನ ಕಡೆ ಹೋದ. ಬರುವಾಗ ಫಲಕವನ್ನು ಎದೆಗೊತ್ತಿಕೊಂಡಿದ್ದ. ಹೊಳೆಯುವ ಬೂಟು ಕೆಸರಿಗಿಳಿಯಿತು, ಗಿಣ್ಣಿನವರೆಗೆ.

ಇಟ್ಸೆಲ್ ಫಲಕ ನೋಡಿ ತಡವರಿಸಿದಳು. “ಸಾರ್, ಅಕ್ಷರ ಇದೆಯಲ್ಲ. ಮೇಲೆ ಬರೋ ಹಾಗಾ?”

“ಕೆಳಗೆ,” ಎಂದ ಲಿಯೊ, ಮಂಡಿಯೂರಿ. “ಉಬ್ಬಕ್ಷರ ಮಣ್ಣು ಕಚ್ಕೊಳ್ಳತ್ತೆ. ಜಾರಲ್ಲ. ಹೊಡಿ ಮಗಳೇ, ಈಗ ಹೊಡಿ.”

ಅವಳು ಹೊಡೆದಳು. ನೆಲ ನಡುಗಿತು. ಓಫೇಲಿಯಾ ಎಂದಿನಂತೆ ಮೊದಲ ಸಾಲಿನಲ್ಲಿ ನಿಂತಿದ್ದಳು. ಅವಳ ಅಣ್ಣ ಪಕ್ಕದಲ್ಲಿ. ಟೋನ್ಯೊ ವಾಕರನ್ನು ಎತ್ತೆತ್ತಿ ಹಲಗೆಗೆ ಕುಟ್ಟುತ್ತಿದ್ದ. ಭಾಷಣ ಯಾರಿಗೂ ನೆನಪಾಗಲಿಲ್ಲ.

ಸೋಮವಾರ ಫಲಕ ಎತ್ತಿದಾಗ ಕೆಸರಿನಲ್ಲಿ ಅದರ ಅಚ್ಚು ಮೂಡಿತ್ತು. ಹಟಮಾರಿಗಳ ಹೆಸರೆಲ್ಲ ತಿರುವುಮುರುವಾಗಿ, ಆದರೆ ಸ್ಪಷ್ಟವಾಗಿ. ಲಿಯೊ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ನಾನು ಬಳ್ಳಿಗೆ ನೀರು ಹಾಕುತ್ತಿದ್ದೆ.

“ಒಣಗಿದ್ರೆ ಇದು ಹೀಗೇ ಉಳಿಯತ್ತೆ, ಅಲ್ವಾ ಓಫೆ?”

“ಒಣಗಿದ್ರೆ,” ಎಂದಳು ಓಫೇಲಿಯಾ.

ಸಂಜೆ ಅಕಾರ್ಡಿಯನ್ ಹುಡುಗರು ಮತ್ತೆ ಬರುವವರಿದ್ದರು. ಮೂರನೆಯ ಹಾಡು ಕಲಿತಿದ್ದರಂತೆ. ಅವಳು ಬಕೆಟ್ಟು ಎತ್ತಿಕೊಂಡು ಬೇಲಿಯ ಮೂಲೆಯಿಂದ ಶುರುಮಾಡಿ, ಸಾಲು ಬಿಡದೆ, ಆ ಹೆಸರುಗಳ ಮೇಲೂ ನೀರು ಚಿಮುಕಿಸಿದಳು.