ಕಾಚಿಗೂಡ ಔಟರ್

ಹೈದರಾಬಾದಿನಲ್ಲಿ ಹುಟ್ಟಿ ಅಲ್ಲೇ ಸತ್ತ ಒಂದು ರಾಕ್ ಬ್ಯಾಂಡಿನ ಹೆಸರು ಹೈದರಾಬಾದಿನವರಿಗೇ ಗೊತ್ತಿಲ್ಲ ಎಂದರೆ ಸುಶಾಂತನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಇಷ್ಟು ಅನ್ಯಾಯವೇ? ಬ್ಯಾಂಡಿನ ಹೆಸರು ‘ಖಾಲಿ ಡಬ್ಬಾ’. ತೊಂಬತ್ತರ ದಶಕದಲ್ಲಿ ಅವರು ತಂದದ್ದು ಒಂದೇ ಒಂದು ಕ್ಯಾಸೆಟ್, ‘ಕಾಚಿಗೂಡ ಔಟರ್’. ಸ್ಟೇಶನ್ನು ಕಣ್ಣಿಗೆ ಕಾಣುತ್ತಿದ್ದರೂ ರೈಲು ಒಳಗೆ ಹೋಗದೆ ಸಿಗ್ನಲ್ಲಿಗೆ ಕಾಯುತ್ತ ನಿಲ್ಲುವ ಜಾಗವೇ ಔಟರ್. ಆಬಿಡ್ಸಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕಗಳ ನಡುವೆ ಆ ಕ್ಯಾಸೆಟ್ ಸಿಕ್ಕಂದಿನಿಂದ ಸುಶಾಂತ ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದ.

ಅವನನ್ನು ಮರುಳು ಮಾಡಿದ್ದು ಅದರ ನಿಧಾನ. ಡ್ರಮ್ಮಿನ ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳುವಷ್ಟರಲ್ಲಿ ಮನುಷ್ಯ ತನ್ನ ತಪ್ಪುಗಳನ್ನೆಲ್ಲ ನೆನೆಸಿಕೊಳ್ಳಬಹುದು. ಗಿಟಾರು ಎಲ್ಲೋ ನೆಲದಡಿಯಿಂದ ನರಳುತ್ತ ಬರುತ್ತಿತ್ತು. ಮಾದಾಪುರದ ಆಫೀಸಿಗೆ ಹೋಗುವ ಕ್ಯಾಬಿನಲ್ಲಿ ಪಕ್ಕ ಕೂತ ಪಾಪದವರಿಗೆಲ್ಲ ಅವನು ಇದನ್ನು ಬಲವಂತವಾಗಿ ಕೇಳಿಸಿದ್ದ. “ಕಾಯುವುದು ಅಂದ್ರ ಏನು ಅನ್ನೋದನ್ನ ಈ ನಿಧಾನದಾಗ ಹೇಳ್ಯಾರ” ಎಂದು ಇಂಟರ್‌ನೆಟ್ಟಿನಲ್ಲಿ ಉದ್ದುದ್ದ ಬರೆದಿದ್ದ. ಅದನ್ನು ಓದಿದ ಒಂದು ಸಣ್ಣ ರೆಕಾರ್ಡ್ ಕಂಪನಿ ಆಲ್ಬಮನ್ನು ಮತ್ತೆ ಹೊರತರಲು ಒಪ್ಪಿತ್ತು. ಬ್ಯಾಂಡಿನವರು ಹೂಂ ಅನ್ನುವುದೊಂದೇ ಬಾಕಿ.

ಡ್ರಮ್ ಬಾರಿಸಿದ ರಾಹುಲ ಫೋನಿನಲ್ಲಿ ಸಿಡುಕಿದ್ದ. “ಆ ಅಂಬಾದಾಸನ್ನ ಕೇಳ್ರಿ. ನಮ್ಮ ಹಾಡು ಒಯ್ದು ಭಜನಿ ಕ್ಯಾಸೆಟ್ಟಿನ ಅಂಗಡಿಗೆ ಕೊಟ್ಟಾಂವ ಅಂವಾ.” ಗಿಟಾರಿನ ಅಂಬಾದಾಸ ಮಾತ್ರ ಖುಷಿಯಿಂದ ಒಪ್ಪಿ, ರವಿವಾರ ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಾರ್ನಾಕದ ಮನೆಗೇ ಬಂದರು.

ಸುಶಾಂತ ಕ್ಯಾಸೆಟ್ಟಿನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ ಹಾಡು ಹಚ್ಚಿದ. ಅರ್ಧ ನಿಮಿಷವೂ ಆಗಿರಲಿಲ್ಲ, ಅಂಬಾದಾಸ ಎದ್ದು ನಿಂತರು.

“ಬಂದ್ ಮಾಡು.”

“ಕಾಕಾ?”

“ಬಂದ್ ಮಾಡಂದ್ನಲ್ಲ! ಇದು ಕೆಟ್ಟಿದ್ದು. ನಾವು ಇಷ್ಟು ಸಾವಕಾಶ ಎಂದೂ ಬಾರಿಸಿಲ್ಲ. ಓಡೋ ರೈಲಿನಂಗ ಬಾರಸ್ತಿದ್ವಿ.”

ಅಂಬಾದಾಸ ಕಹಿಯಾಗಿ ಹೇಳುತ್ತ ಹೋದರು. ಕಾಚಿಗೂಡದಲ್ಲಿ ಅವರ ಭಾವ ದತ್ತಾತ್ರೇಯನ ಕ್ಯಾಸೆಟ್ ಅಂಗಡಿ. ಕಾಪಿ ಮಾಡಲು ಅಲ್ಲಿಗೆ ಕೊಟ್ಟರು. ಬಂದ ಕ್ಯಾಸೆಟ್ಟುಗಳೆಲ್ಲ ಜ್ವರ ಬಂದವರ ಹಾಗೆ ನರಳುತ್ತಿದ್ದವು. ಮೂಲ ಟೇಪೂ ಆ ಗದ್ದಲದಲ್ಲಿ ಕಳೆಯಿತು. ‘ದೇವರಾಣೆ, ನಾನೇನೂ ಮಾಡಿಲ್ಲ’ ಎಂದು ಭಾವ ಸಾಯುವ ತನಕ ಹೇಳಿದ. ಒಂದು ಹಾಡು ಪೂರ್ತಿ ಕೇಳುವ ಮೊದಲೇ ರಾಹುಲ ಕ್ಯಾಸೆಟ್ ಬಿಸಾಡಿ ಹೋದ. ಜೀವದ ಗೆಳೆಯ, ಅಂದಿನಿಂದ ಮಾತಿಲ್ಲ. ಬ್ಯಾಂಡೂ ಮುಗಿಯಿತು.

ಅಷ್ಟರಲ್ಲಿ ಸುಶಾಂತನ ತಾಯಿ ತುಳಸಾಬಾಯಿ ಚಹಾ, ಚೂಡಾ ತಂದರು. ದತ್ತಾತ್ರೇಯನ ಹೆಸರು ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು.

“ಕಾಚಿಗೂಡದ ದತ್ತಾತ್ರೇಯನವರ? ಅಯ್ಯ, ದೇವರಂಥಾ ಮನಷ್ಯಾರಿ! ನಮ್ಮ ಭಜನಾ ಮಂಡಳಿಗೆ ಹಾಡಿನ ಕ್ಯಾಸೆಟ್ ಅವರs ಮಾಡಿ ಕೊಡತಿದ್ರು. ಹಾಡವ್ರು ಓಡಿಸಿಕೋತ ಹೋಗ್ತಾರ, ನಮಗ ಬರಕೊಳ್ಳಾಕ ಆಗಂಗಿಲ್ಲ. ‘ಸಾವಕಾಶ ಮಾಡಿ ಕೊಡ್ರಿ’ ಅಂತ ನಾನು ಗಂಟು ಬಿದ್ದೆ. ಪಾಪ, ಕಾಪಿ ಮಾಡೋ ಮಷೀನಿನ ಹಿಂದ ಒಂದು ಸ್ಕ್ರೂ ತಿರುವಿ ಸಾವಕಾಶ ಮಾಡಿ ಕೊಟ್ರು. ಎಲ್ಲಾ ಹಾಡು ಬಾಯಿಪಾಠ ಆದುವು ನೋಡ್ರಿ!”

ಅಂಬಾದಾಸರ ಬಾಯಿ ತೆರೆದದ್ದು ತೆರೆದೇ ಇತ್ತು. ಭಾವ ಸ್ಕ್ರೂ ತಿರುವಿದ್ದ. ಮತ್ತೆ ಮೊದಲಿನಂತೆ ಮಾಡುವುದನ್ನು ಮರೆತಿದ್ದ. ಇಡೀ ಬ್ಯಾಂಡನ್ನು ಮುಳುಗಿಸಿದವರು ಚೂಡಾದ ತಟ್ಟೆ ಹಿಡಿದು ಎದುರಿಗೇ ನಿಂತಿದ್ದರು.

ಇಬ್ಬರ ಮುಖ ನೋಡಿ ತುಳಸಾಬಾಯಿಗೂ ಅರ್ಥವಾಯಿತು. ತಟ್ಟೆ ಇಟ್ಟು ಕುರ್ಚಿಯಲ್ಲಿ ಕುಸಿದರು. “ಅಂದ್ರ... ನಾನs ಕೆಡಿಸಿದ್ನೇನ್ರಿ?”

ತಾಯಿಯ ಮುಖ ನೋಡಲಾಗದೆ ಸುಶಾಂತ ಲ್ಯಾಪ್‌ಟಾಪ್ ಎಳೆದುಕೊಂಡ. “ಸರಿ ಮಾಡಬಹುದು ಕಾಕಾ. ನಿಮ್ಮ ಖರೇ ಹಾಡು ಈಗs ಕೇಳಸ್ತೀನಿ” ಎಂದು ವೇಗ ಏರಿಸಿದ.

ಖರೇ ಹಾಡು ಬಂತು. ಗಿಟಾರು ತೆಳ್ಳಗೆ ಕೀರಲಿತು, ಡ್ರಮ್ಮು ಪಟಪಟ ಓಡಿತು. ಸುಶಾಂತ ಕಾದ, ಮುಂದಿನ ಹಾಡು ಹಾಕಿದ, ಮತ್ತೂ ಕಾದ. ಏನೂ ಇರಲಿಲ್ಲ! ಕಾಲೇಜಿನ ಗ್ಯಾದರಿಂಗಿನಲ್ಲಿ ಯಾವ ಹುಡುಗರು ಬೇಕಾದರೂ ಬಾರಿಸುವಂಥ ಹಾಡು. ಇಷ್ಟು ವರ್ಷ ತಾನು ಕಣ್ಣೀರು ಹಾಕಿ ಕೇಳಿದ್ದು ಒಂದು ಸ್ಕ್ರೂವನ್ನೇ ಎಂದು ಅವನಿಗೆ ಹೊಳೆಯಿತು.

“ಇದು ಮದಿವಿ ಬ್ಯಾಂಡ್ ಇದ್ದಂಗ ಐತಲ್ಲೋ” ಎಂದುಬಿಟ್ಟು ತುಳಸಾಬಾಯಿ ನಾಲಗೆ ಕಚ್ಚಿಕೊಂಡರು.

“ಹೌದ್ರಿ ವೈನಿ,” ಎಂದರು ಅಂಬಾದಾಸ. “ಹಂಗs ಐತಿ.” ಕುರ್ಚಿ ಮುಂದಕ್ಕೆಳೆದು ಕೂತು, “ಮೊದಲಿಂದು ಹಚ್ಚು ತಮ್ಮಾ. ನಾ ಅದನ್ನ ಪೂರ್ತಿ ಎಂದೂ ಕೇಳೇ ಇಲ್ಲ” ಎಂದರು.

ಪೂರ್ತಿ ಕೇಳಿದರು. ಎರಡನೇ ಬದಿಯ ಕೊನೆಗೆ, ಮಾತಿಲ್ಲದ, ಬರೀ ವಾದ್ಯದ ತುಣುಕು ಬರುವ ಹೊತ್ತಿಗೆ ಅವರ ಕಣ್ಣು ತುಂಬಿತ್ತು. ರಾಹುಲನ ನಂಬರ್ ಇಸಿದುಕೊಂಡು ತಮ್ಮ ಫೋನಿನಿಂದಲೇ ಹಚ್ಚಿದರು. ಆ ಕಡೆಯಿಂದ “ಹಲೋ” ಬಂತು. ಮಾತಾಡಲಾಗದೆ ಫೋನನ್ನು ಸ್ಪೀಕರಿನ ಮುಂದೆ ಹಿಡಿದರು.

ರಾಹುಲ ಫೋನ್ ಇಡಲಿಲ್ಲ. ತುಣುಕು ಮುಗಿಯುವ ತನಕ ಕೇಳಿದ. ಮುಗಿದ ಮೇಲೆ ಮೆಲ್ಲಗೆ ಹಿಂದಿಯಲ್ಲಿ ಕೇಳಿದ: ನೀವು ಯಾರು ಸಾಹೇಬರೇ, ಗೊತ್ತಾಗಲಿಲ್ಲ. ಆದರೆ ಇಂಥದ್ದನ್ನ ನಾನು ಎಂದೂ ಕೇಳಿಲ್ಲ. ಆ ಡ್ರಮ್ ಬಾರಿಸಿದಾತ ಯಾರು?

ಅಂಬಾದಾಸ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ನೀನs ಲೇ, ರಾಹುಲ” ಎಂದರು.