ಗುರುವಿನ ಬೆನ್ನುನೋವು

ನನ್ನ ತಮ್ಮ ಗುರುಪ್ರಸಾದನಿಗೆ ಬೆನ್ನುನೋವು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್‌ಬೆಲ್‌ನಿಂದ ನೆವಾರ್ಕ್‌ವರೆಗಿನ ಕನ್ನಡಿಗರಿಗೆಲ್ಲ ಅವನ ಬೆನ್ನಿನ ಸಮಾಚಾರ ತಮ್ಮ ಮನೆಯ ಸಮಾಚಾರಕ್ಕಿಂತ ಚೆನ್ನಾಗಿ ಗೊತ್ತಿತ್ತು. ಅವನಿಗೆ ಇದ್ದದ್ದು ಖಿನ್ನತೆ. ಹಾಸಿಗೆಯಿಂದ ಏಳುವುದು, ಹಲ್ಲುಜ್ಜುವುದು ಕೂಡ ಬೆಟ್ಟ ಹತ್ತಿದಷ್ಟು ಕಷ್ಟವೆನಿಸುವಂಥ ಖಿನ್ನತೆ. ಓಕ್ಲ್ಯಾಂಡಿನ ಡಾಕ್ಟರೊಬ್ಬರು ಮಾತ್ರೆ ಬರೆದುಕೊಟ್ಟಿದ್ದರು. ಅವನ ಹೆಂಡತಿ ವಿಭಾ ಆ ಕಾಯಿಲೆಗೆ ಬೆನ್ನುನೋವು ಎಂದು ನಾಮಕರಣ ಮಾಡಿದಳು.

"ಬ್ಯಾಕ್ ಪೇನ್ ಅಂದ್ರೆ ಯಾರೂ ಏನೂ ಕೇಳಲ್ಲ ಅತ್ತಿಗೆ. ಡಿಪ್ರೆಶನ್ ಅಂದ್ರೆ ನಾಳೆ ತನ್ವಿ ಮದ್ವೆಗೂ ಪ್ರಾಬ್ಲಮ್ಮು," ಎಂದಳು. ಮಗಳು ತನ್ವಿಗೆ ಆಗಿನ್ನೂ ಒಂಬತ್ತು ವರ್ಷ. ಅಷ್ಟು ದೂರಾಲೋಚನೆ ನಮ್ಮ ವಿಭಾಳದು.

ಯಾರೂ ಕೇಳುವುದಿಲ್ಲವಂತೆ. ಕೇಳದವರು ಯಾರು? ಒಬ್ಬರು ಎಣ್ಣೆ ತಂದರು, ಒಬ್ಬರು ಸೊಂಟಕ್ಕೆ ಬೆಲ್ಟು ತಂದರು, ಇನ್ನೊಬ್ಬರು ಸ್ವತಃ ನೆಲದ ಮೇಲೆ ಮಲಗಿ ಆಸನ ತೋರಿಸಿ ಏಳಲಾರದೆ ನಮ್ಮ ಕೈಯಲ್ಲೇ ಎಬ್ಬಿಸಿಕೊಂಡರು. ಆಫೀಸಿನಲ್ಲೂ ಅದೇ ಸುಳ್ಳು. ಮ್ಯಾನೇಜರು ಮರುಗಿ, ನಿಂತು ಕೆಲಸ ಮಾಡುವ ಮೇಜು ತರಿಸಿಕೊಟ್ಟ. ಗುರುವಿಗೆ ಬೇಕಿದ್ದದ್ದು ಎರಡು ತಿಂಗಳ ರಜೆ. ಅದನ್ನು ಕೇಳಬೇಕಾದರೆ ನಿಜ ಹೇಳಬೇಕಿತ್ತು. ಆದ್ದರಿಂದ ಇಷ್ಟು ದಿನ ಕೂತು ಪಡುತ್ತಿದ್ದ ಸಂಕಟವನ್ನು ಅವನು ನಿಂತು ಪಡತೊಡಗಿದ.

ಶನಿವಾರ ಮಾತ್ರ ಬೇರೆ. ನಮ್ಮ ಕನ್ನಡ ಕೂಟದವರು ಕ್ಯಾಂಪ್‌ಬೆಲ್‌ನಲ್ಲಿ ಶಾಲೆಯೊಂದರ ಕೋಣೆಯನ್ನು ಬಾಡಿಗೆಗೆ ಹಿಡಿದು ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತಾರೆ. ಮೇಷ್ಟ್ರು ನಮ್ಮ ಗುರು. ಅವನು ಕನ್ನಡದಲ್ಲಿ ಕಥೆ ಹೇಳುತ್ತಾನೆ, ಮಕ್ಕಳು ಇಂಗ್ಲಿಷಿನಲ್ಲಿ ನಗುತ್ತವೆ. ಶನಿವಾರ ಅವನನ್ನು ಯಾರೂ ಎಬ್ಬಿಸಬೇಕಿರಲಿಲ್ಲ. ತಾನಾಗಿ ಎದ್ದು, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದ. "ಅಕ್ಕ, ಈ ಕ್ಲಾಸೂ ಹೋದ್ರೆ ನಾನು ಯಾಕೆ ಎದ್ದೇಳ್ಬೇಕು ಹೇಳು," ಎಂದು ಒಮ್ಮೆ ಕೇಳಿದ್ದ. ಕಾಯಿಲೆ ಗೊತ್ತಾದರೆ ಕ್ಲಾಸು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆ ಅವನಿಗೆ. ಅದೊಂದೇ ಕಾರಣಕ್ಕೆ ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಯುಗಾದಿಯ ಶನಿವಾರ ಕ್ಲಾಸಿಗೆ ಮುಂಚೆ ಎಲ್ಲರಿಗೂ ಅಲ್ಲೇ ತಿಂಡಿ. ಅಲ್ಲಿ ಗುರುವಿಗೆ ಅಚ್ಯುತ ಅವರು ಸಿಕ್ಕರು. ನಿವೃತ್ತ ಡಾಕ್ಟರು. ಕೆಲಸ ಬಿಟ್ಟಿದ್ದಾರೆ, ಚಟ ಬಿಟ್ಟಿಲ್ಲ, ಜುಬ್ಬದ ಜೇಬಿನಲ್ಲಿ ಸದಾ ಮಾತ್ರೆ ಇರುತ್ತದೆ. ಸ್ನಾಯು ಸಡಿಲವಾಗಲು ಒಳ್ಳೆಯದು ಎಂದು ಎರಡು ತೆಗೆದು ಗುರುವಿನ ಅಂಗೈಗೆ ಹಾಕಿದರು.

"ಬೇರೆ ಏನಾದ್ರೂ ಟ್ಯಾಬ್ಲೆಟ್ ನಡೀತಿದೆಯೇನಪ್ಪ?"

ಗುರು ಹೆಂಡತಿಯ ಮುಖ ನೋಡಿದ. "ಏನೂ ಇಲ್ಲ ಡಾಕ್ಟ್ರೇ," ಎಂದಳು ವಿಭಾ. ಬೇಡವೆಂದರೆ ಅನುಮಾನ ಬಂದೀತೆಂದು ಅವನು ಎಲ್ಲರೆದುರಿಗೇ ಎರಡನ್ನೂ ನುಂಗಿದ. ನಾನು ಆಚೆ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದೆ, ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಕ್ಲಾಸು ಅರ್ಧಕ್ಕೆ ಬರುವ ಹೊತ್ತಿಗೆ ಗುರು ಬೋರ್ಡಿನ ಮುಂದೆ ತೂಗಾಡಿ, ಮೇಜಿನ ಅಂಚಿಗೆ ಹಣೆ ಬಡಿದು ಬಿದ್ದ. ರಕ್ತ. ಮಕ್ಕಳ ಕಿರುಚಾಟ. ಆಂಬುಲೆನ್ಸಿನವಳು ಮಂಡಿಯೂರಿ ಕೂತು, ಇವನು ಯಾವ ಮಾತ್ರೆ ತೆಗೆದುಕೊಳ್ಳುತ್ತಾನೆ ಎಂದು ಕೇಳಿದಳು. ವಿಭಾ ಸುತ್ತ ನೋಡಿದಳು. ಕೂಟದ ಕಮಿಟಿಯವರೆಲ್ಲ ಅಲ್ಲೇ ನಿಂತಿದ್ದರು. "ಜಸ್ಟ್ ಬ್ಯಾಕ್ ಪೇನ್," ಎಂದಳು.

ಗಂಡ ಕಣ್ಣು ಬಿಡದೆ ಬಿದ್ದಿದ್ದಾನೆ, ಇವಳಿಗೆ ಮರ್ಯಾದೆಯ ಚಿಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮಾತ್ರೆಯ ಹೆಸರು, ಕಾಯಿಲೆಯ ಹೆಸರು ಎರಡನ್ನೂ ಕೋಣೆಗೆಲ್ಲ ಕೇಳುವಂತೆ ಇಂಗ್ಲಿಷಿನಲ್ಲಿ ಒದರಿದೆ. ಕನ್ನಡದಲ್ಲಿ ಹೇಳಿದ್ದರೆ ಮಕ್ಕಳಿಗಾದರೂ ಅರ್ಥವಾಗುತ್ತಿರಲಿಲ್ಲ.

ಮಾತ್ರೆಗೆ ಮಾತ್ರೆ ಸೇರಿ ಹೀಗಾಗಿದೆ ಎಂದರು ಆಸ್ಪತ್ರೆಯಲ್ಲಿ. ಹೊಲಿಗೆ ಹಾಕಿ, ಒಂದು ದಿನ ಇಟ್ಟುಕೊಂಡು ಕಳಿಸಿದರು. ಬೆನ್ನಿಗಾಗಿ ಸಾಲುಗಟ್ಟಿ ಬಂದವರಲ್ಲಿ ಒಬ್ಬರೂ ಈಗ ಫೋನು ಕೂಡ ಮಾಡಲಿಲ್ಲ. ಮನಸ್ಸಿಗೆ ಹಚ್ಚುವ ಎಣ್ಣೆ ಯಾರ ಮನೆಯಲ್ಲೂ ಇರಲಿಲ್ಲವೇನೋ.

ಕೊನೆಗೆ ಬಂದದ್ದು ಕಮಿಟಿ. ನಮ್ಮ ಕೂಟದಲ್ಲಿ ಯಾರನ್ನೂ ತೆಗೆದುಹಾಕುವ ಪದ್ಧತಿಯಿಲ್ಲ, ಸನ್ಮಾನ ಮಾಡಿಬಿಡುತ್ತಾರೆ. ಒಮ್ಮೆ ಶಾಲು ಹೊದಿಸಿದರೆ ಆ ಮನುಷ್ಯ ಮತ್ತೆ ಕೆಲಸಕ್ಕೆ ಬರುವ ಹಾಗಿಲ್ಲ. ಅಧ್ಯಕ್ಷ ಮಧ್ವೇಶ ಸೋಫಾದಲ್ಲಿ ಕೂತಿದ್ದ ಗುರುವಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟ. ಜೊತೆಯವರು ಫೋಟೋ ತೆಗೆದರು.

"ಸರ್ ಇನ್ಮೇಲೆ ರೆಸ್ಟ್ ತಗೊಳ್ಳಲಿ. ಪೇರೆಂಟ್ಸು ಸ್ವಲ್ಪ ಕನ್ಸರ್ನ್ ಆಗಿದಾರೆ. ಮಕ್ಕಳಿರೋ ಜಾಗ ನೋಡಿ," ಎಂದ ಮಧ್ವೇಶ.

"ನಂಗೆ ರೆಸ್ಟ್ ಬೇಡ ಮಧ್ವೇಶ್. ಕ್ಲಾಸ್ ಬೇಕು."

"ನಿಮ್ಮ ಹೆಲ್ತು ನಮಗೆ ಮುಖ್ಯ ಸರ್," ಎಂದು ಮಧ್ವೇಶ ಎದ್ದ. ಅಷ್ಟು ಮುಖ್ಯವಾಗಿದ್ದ ಹೆಲ್ತು ಹೇಗಿದೆ ಎಂದು ಕೇಳಲು ಮರೆತಿದ್ದ.

ಎಲ್ಲರೂ ಕಾರಿನ ಹತ್ತಿರ ಹೋದ ಮೇಲೆ ಅವನೊಬ್ಬನೇ ಹಿಂದಿರುಗಿದ. ಬಾಗಿಲನ್ನು ಅರ್ಧ ಎಳೆದುಕೊಂಡು ದನಿ ತಗ್ಗಿಸಿದ. "ಸರ್, ಆ ನಿಮ್ಮ ಡಾಕ್ಟ್ರ ನಂಬರು ಕೊಡ್ತೀರಾ? ನಮ್ಮ ಕಸಿನ್ ಒಬ್ಬನಿಗೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಡ್ರೈವ್ ಮಾಡ್ತಾ ಮಾಡ್ತಾನೇ ಅಳು ಬರುತ್ತೆ ಅವನಿಗೆ." ಕಸಿನ್ನಿನ ಕಣ್ಣು ಕೆಂಪಾಗಿ ನೀರು ತುಂಬಿತ್ತು.

ಯಾವ ಕಸಿನ್ನಪ್ಪ ಅದು ಎಂದು ಚೆನ್ನಾಗಿ ಕೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು. ಗುರು ನನ್ನ ಕೈ ಅದುಮಿ ಸುಮ್ಮನಿರಿಸಿದ. ನಂಬರು ಹೇಳಿದ, ಮಧ್ವೇಶನ ಭುಜ ಹಿಡಿದುಕೊಂಡ. "ತಡ ಮಾಡೋದು ಬೇಡ ಅನ್ನಿ ಅವರಿಗೆ. ಮಾತ್ರೆ ಕೆಲಸ ಮಾಡುತ್ತೆ. ನಾಚ್ಕೊಳ್ಳೋದೇನಿಲ್ಲ." ಆಮೇಲೆ ಶಾಲನ್ನು ತೆಗೆದು ಪಕ್ಕಕ್ಕಿಟ್ಟು, ಮಗುವಿನಂತೆ ಕೇಳಿದ. "ಶನಿವಾರ ಬರ್ಲಾ ಮಧ್ವೇಶ್?"

ಮಧ್ವೇಶ ಫೋನನ್ನು ಜೇಬಿಗಿಳಿಸಿ, ಕಣ್ಣೊರೆಸಿಕೊಂಡ. "ಅದು ಕಮಿಟಿ ಡಿಸಿಷನ್ನು ಸರ್. ನನ್ನ ಕೈಲಿ ಏನಿದೆ?"

ಆ ಶನಿವಾರ ಹೊತ್ತೇರಿದ ಮೇಲೆ ಗುರುವಿನ ಮನೆಗೆ ಹೋದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಎಚ್ಚರವಾಗೇ ಇದ್ದ, ಎದ್ದಿರಲಿಲ್ಲ.