ಇದರಲ್ಲಿ ನೀರು ಮಾತ್ರ

"ಈ ಮಾತ್ರೆಯಿಂದ ಬಿಳಿ ರಕ್ತಕಣ ತೀರಾ ಇಳಿದಿದೆ. ಇವತ್ತಿಗೇ ಇದನ್ನು ನಿಲ್ಲಿಸಬೇಕು," ಎಂದರು ಡಾಕ್ಟರು.

ಅಕ್ಕ ಪಕ್ಕದಲ್ಲಿ ಕೂತಿದ್ದ ತಮ್ಮನ ಕಡೆ ನೋಡಿದಳು. ತಮ್ಮನ ತಲೆಯೊಳಗಿನ ದನಿಗಳ ಮುಂದೆ ಹನ್ನೊಂದು ವರ್ಷದಲ್ಲಿ ಎರಡು ಔಷಧಿ ಕೈಚೆಲ್ಲಿದ್ದವು. ಈ ಮೂರನೆಯದು ಕೈಹಿಡಿದಿತ್ತು. ವಾರವಾರವೂ ರಕ್ತಪರೀಕ್ಷೆ ಮಾಡಿಸಿಕೊಂಡು, ಐದು ತಿಂಗಳು ಇಬ್ಬರೂ ಎದುರುಬದುರು ಕೂತು ನೆಮ್ಮದಿಯಾಗಿ ಉಂಡಿದ್ದರು. ಈಗ ಅದಕ್ಕೂ ಕಲ್ಲು ಬಿತ್ತು.

"ಬೇರೆ ಕೊಡ್ತೀರಲ್ಲ?"

"ಕೊಡ್ತೀನಮ್ಮ. ಆದ್ರೆ ಕೆಲವರ ಮೆದುಳಿಗೆ ಇದೊಂದೇ ಒಗ್ಗೋದು. ಹೊಸದು ಹಿಡಿಯುತ್ತೋ ಇಲ್ವೋ, ಕೆಲವು ವಾರ ಕಾದು ನೋಡ್ಬೇಕು."

ತಮ್ಮ ಬೋರ್ಡು ಬರೆಯುವ ಕಸುಬಿನವನು. ಎಲ್ಲವನ್ನೂ ಕೇಳಿಸಿಕೊಂಡವನು ಮನೆಗೆ ಬಂದದ್ದೇ ನೀಲಿ ಪೇಂಟು ಹಿಡಿದು ಅಡುಗೆಮನೆಯ ನೀರಿನ ಫಿಲ್ಟರಿನ ಮುಂದೆ ಕೂತ. ಹಿಂದೆ ಹುಷಾರಿಲ್ಲದಾಗ, ಅಕ್ಕ ಅದರಲ್ಲಿ ವಿಷ ಬೆರೆಸುತ್ತಾಳೆಂದು ಮೂರು ದಿನ ನೀರು ಮುಟ್ಟದೆ ಆಸ್ಪತ್ರೆ ಸೇರಿದ್ದವನು ಅವನು.

"ಏನೋ ಮಾಡ್ತಿದೀಯ?"

"ಮತ್ತೆ ದನಿ ಬಂದ್ಮೇಲೆ ನಾನು ನಿನ್ನ ಮಾತು ನಂಬಲ್ಲ ಕಣಕ್ಕ. ನನ್ನ ಅಕ್ಷರ ನಂಬ್ತೀನಿ."

'ಇದರಲ್ಲಿ ನೀರು ಮಾತ್ರ ಇದೆ. ಕುಡಿ' ಎಂದು ಬರೆದ. ಕೆಳಗೆ, ತನ್ನ ಬೋರ್ಡುಗಳಿಗೆಲ್ಲ ಹಾಕುವ ಗುರುತಿನ ಪುಟ್ಟ ಹಕ್ಕಿ. ಮಾತ್ರೆಯಿಂದ ಕೈಗೆ ನಡುಕ ಬಂದಿತ್ತು; 'ನೀ'ಯ ದೀರ್ಘ ಸೊಟ್ಟಗಾಯಿತು. ಒರೆಸಲು ಬಟ್ಟೆ ಎತ್ತಿಕೊಂಡ.

"ಇರ್ಲಿ ಬಿಡೋ, ಯಾವ ಪರೀಕ್ಷೆಗೆ ಕೊಡ್ಬೇಕು?" ಎಂದು ಅಕ್ಕನೇ ತಡೆದಳು.

ಮೂರು ವಾರಕ್ಕೆ ನಡುಕ ಹೋಯಿತು, ದನಿಗಳು ಬಂದವು. ಹೊಸ ಮಾತ್ರೆ ಇನ್ನೂ ಹಿಡಿದಿರಲಿಲ್ಲ. ನಿನ್ನೆಯಿಂದ ನೀರು ಕುಡಿಯದವನು ಮಧ್ಯಾಹ್ನ ಫಿಲ್ಟರಿನ ಮುಂದೆ ಬಂದು ನಿಂತ. ತುಟಿ ಒಡೆದಿತ್ತು.

"ಇದನ್ನ ಬರೆದೋರು ಯಾರು?"

"ನೀನೇ ಕಣಪ್ಪ. ಹಕ್ಕಿ ನೋಡು."

"ಹಕ್ಕಿ ಯಾರು ಬೇಕಾದ್ರೂ ಕದೀತಾರೆ. ಈ ದೀರ್ಘ ನೋಡು. ನನ್ನ ಕೈ ಹೀಗೆ ನಡುಗುತ್ತಾ?"

ಕೈ ಚಾಚಿ ತೋರಿಸಿದ. ಅದು ಒಂದಿಷ್ಟೂ ಅಲುಗಲಿಲ್ಲ.

ಅವತ್ತು ಒರೆಸಲು ಬಿಟ್ಟಿದ್ದರೆ ಗಂಟೇನು ಹೋಗುತ್ತಿತ್ತು? ಅಕ್ಕನಿಗೆ ಅಳಬೇಕೆನಿಸಿತು, ಅಳುವುದಕ್ಕೂ ತ್ರಾಣವಿರಲಿಲ್ಲ.

ಅವನು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಸೊಟ್ಟ ದೀರ್ಘವನ್ನೇ ದಿಟ್ಟಿಸುತ್ತಿದ್ದ. ಕೊನೆಗೆ, "ಯಾವನೋ ಕಸುಬು ಗೊತ್ತಿಲ್ಲದೋನು," ಎಂದು ಗೊಣಗಿ, ಬ್ಲೇಡಿನಿಂದ ಅದನ್ನು ಕೆರೆದು, ಕುಂಚ ತಂದು ಒಂದೇ ಎಳೆತಕ್ಕೆ ಸರಿಯಾಗಿ ಬರೆದ. ಹಿಂದೆ ಸರಿದು, ತಲೆ ಓರೆ ಮಾಡಿ ಸಾಲನ್ನು ಓದಿದ.

ಅಕ್ಕ ಲೋಟ ಒಡ್ಡಿ ನಲ್ಲಿ ತಿರುಗಿಸಿದಳು.

"ಮೊದಲು ನೀನು ಕುಡಿ," ಎಂದ.

ಅವಳು ಅರ್ಧ ಕುಡಿದು ಲೋಟ ಚಾಚಿದಳು. ಅವನು ತೆಗೆದುಕೊಂಡ. ಲೋಟದ ಮೇಲೆ ಅವನ ಬೆರಳಿನ ಹಸಿ ನೀಲಿ ಅಂಟಿತು.